ಚಿರತೆ ಅಂದರೆ ಚುಕ್ಕೆಯದಲ್ಲ, ಚಿಕ್ಕದು

ಬಾಗೇಪಲ್ಲಿ ಕಡೆಯ ಯಾವುದೋ ಊರಿನಲ್ಲಿ ರಾತ್ರಿ ಕುರಿಹಟ್ಟಿಗೆ ಮಚ್ಚೆ ಮೈಯ ಪ್ರಾಣಿ ನುಗ್ಗಿತು ಅಂದುಕೊಳ್ಳಿ. ಬೆಳಗಾದರೆ ತೆಲುಗಿನ ಮನೆಯವರು ‘ಚಿರುತ ವಚ್ಚಿಂದಿ’ ಅನ್ನುತ್ತಾರೆ. ಪಕ್ಕದ ಕನ್ನಡದ ಮನೆಯಲ್ಲಿ ‘ಚಿರ್ತೆ ಬಂದಿತ್ತಂತೆ’. ಉರ್ದು ಮಾತಾಡುವವರ ಬಾಯಲ್ಲಿ ಅದೇ ‘ಚೀತಾ’. ಹಟ್ಟಿಯ ಮುದುಕ ಇದ್ಯಾವುದೂ ಬೇಡ ಅಂತ ‘ಹುಲಿ ಬಂದಿತ್ತು’ ಎಂದು ಮುಗಿಸುತ್ತಾನೆ. ನಾಲ್ವರು ಹೇಳಿದ್ದೂ ಒಂದೇ ಪ್ರಾಣಿಯ ಮಾತು. ಹೆಸರುಗಳನ್ನು ನಿಘಂಟಿನಲ್ಲಿ ಹುಡುಕಿದರೆ ಮಾತ್ರ ಅದು ಮೂರು ಪ್ರಾಣಿಯಾಗುತ್ತದೆ, ಅದರಲ್ಲಿ ಒಂದು ಕರ್ನಾಟಕದ ಕಾಡಿನಲ್ಲಿ ಈಗ ಇಲ್ಲವೇ ಇಲ್ಲ.

ಈ ಗೋಜಲಿಗೆ ಮೂಲ ‘ಚಿರತೆ’ ಮತ್ತು ‘ಚೀತಾ’ ಎಂಬ ಎರಡು ಪದಗಳ ಹೋಲಿಕೆ. ಎರಡೂ ‘ಚ’ದಿಂದ ಶುರು, ಎರಡರಲ್ಲೂ ‘ತ’ ಇದೆ, ಎರಡೂ ಮಚ್ಚೆಯ ಬೆಕ್ಕುಗಳು. ಹಾಗಾಗಿ ಎರಡೂ ಸಂಸ್ಕೃತದ ‘ಚಿತ್ರ’ದಿಂದ ಬಂದವು, ಚಿತ್ರ ಬರೆದ ಹಾಗೆ ಚುಕ್ಕೆ ಇರುವುದರಿಂದ ಆ ಹೆಸರು ಎಂದು ಮೇಷ್ಟ್ರುಗಳೂ ಹೇಳುವುದುಂಟು. ಚೀತಾದ ಮಟ್ಟಿಗೆ ಅದು ಸರಿ. ಚಿರತೆಯ ಮಟ್ಟಿಗೆ ತಪ್ಪು. ಚಿರತೆ ಎಂಬ ಹೆಸರಿಗೂ ಅದರ ಚುಕ್ಕೆಗೂ ಸಂಬಂಧವಿಲ್ಲ.

ಇದನ್ನು ಬಿಡಿಸಲು ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದವರಷ್ಟು ಅನುಕೂಲ ಬೇರೆಯವರಿಗಿಲ್ಲ. ಮನೆಯಲ್ಲೊಂದು ಭಾಷೆ, ಸಂತೆಯಲ್ಲೊಂದು ಭಾಷೆ ಆಡುವವರಿಗೆ ಬೇಕಾದ ಸಾಕ್ಷಿಯೆಲ್ಲ ನಾಲಿಗೆಯ ಮೇಲೆಯೇ ಇದೆ. ಕನ್ನಡದ ‘ಕಿವಿ’ ತೆಲುಗಿನಲ್ಲಿ ‘ಚೆವಿ’, ತಮಿಳಿನಲ್ಲೂ ‘ಚೆವಿ’ (ಉಚ್ಚಾರ ‘ಸೆವಿ’). ಕನ್ನಡದ ‘ಕೆರೆ’ ತೆಲುಗಿನಲ್ಲಿ ‘ಚೆರುವು’. ಹಳಗನ್ನಡದ ‘ಕೆಯ್’ ಅಥವಾ ‘ಗೆಯ್’ (ಮಾಡು) ತೆಲುಗಿನಲ್ಲಿ ‘ಚೇಯು’, ತಮಿಳಿನಲ್ಲಿ ‘ಚೆಯ್’. ಇ, ಎ ಸ್ವರಗಳ ಮುಂದೆ ಬರುವ ‘ಕ’ ತೆಲುಗು, ತಮಿಳುಗಳಲ್ಲಿ ‘ಚ’ ಆಯಿತು, ಕನ್ನಡ ಹಳೆಯ ‘ಕ’ವನ್ನೇ ಉಳಿಸಿಕೊಂಡಿತು. ಇದು ಎಲ್ಲೋ ಒಂದೆರಡು ಪದಕ್ಕೆ ಆದದ್ದಲ್ಲ, ಸಾಲು ಸಾಲಾಗಿ ಆದ ಬದಲಾವಣೆ.

ಅದೇ ಸಾಲಿನಲ್ಲಿ ‘ಕಿರು’ ಇದೆ. ಕಿರು ಎಂದರೆ ಚಿಕ್ಕದು: ಕಿರುಬೆರಳು, ಕಿರುದಾರಿ, ಕಿರುನಗೆ. ನಮ್ಮ ಕಿರುನಗೆ ತೆಲುಗಿನಲ್ಲಿ ‘ಚಿರುನವ್ವು’. ಅಂಗಡಿಯಲ್ಲಿ ಸಿಗುವ ಕುರುಕಲು ತಿಂಡಿ ‘ಚಿರುತಿಂಡಿ’. ನವಣೆ, ಸಾಮೆ, ಹಾರಕಗಳಿಗೆ ತೆಲುಗಿನವರು ‘ಚಿರುಧಾನ್ಯಾಲು’ ಅನ್ನುತ್ತಾರೆ, ತಮಿಳರು ‘ಸಿರುದಾನಿಯಂ’ ಅನ್ನುತ್ತಾರೆ, ಕನ್ನಡದಲ್ಲಿ ‘ಕಿರುಧಾನ್ಯ’ ಅನ್ನುತ್ತಿದ್ದೆವು. (ಈಚೆಗೆ ಅದು ‘ಸಿರಿಧಾನ್ಯ’ ಆಗಿ ಸಿರಿವಂತವಾಗಿದೆ, ಅದು ಬೇರೆ ಮಾತು.) ಈಗ ನಮ್ಮ ಪ್ರಾಣಿಯ ಹೆಸರನ್ನು ಮೂರು ಭಾಷೆಯಲ್ಲೂ ಪಕ್ಕಪಕ್ಕ ಇಟ್ಟು ನೋಡಿ. ತೆಲುಗಿನಲ್ಲಿ ‘ಚಿರುತ’ ಅಥವಾ ‘ಚಿರುತಪುಲಿ’. ತಮಿಳಿನಲ್ಲಿ ‘ಸಿರುತ್ತೈ’. ಕನ್ನಡದಲ್ಲಿ ‘ಚಿರತೆ’. ತೆಲುಗಿನಲ್ಲಿ ‘ಚಿರುತ’ ಎಂಬುದಕ್ಕೆ ‘ಚಿಕ್ಕ’ ಎಂಬ ಅರ್ಥ ನಿಘಂಟುಗಳಲ್ಲಿ ಇಂದಿಗೂ ಇದೆ. ಚಿರುತಪುಲಿ ಅಂದರೆ ಚಿಕ್ಕ ಹುಲಿ, ಅಷ್ಟೇ. 1867ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಟಿ. ಸಿ. ಜೆರ್ಡನ್ ಭಾರತದ ಸಸ್ತನಿಗಳ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಈ ಪ್ರಾಣಿಗೆ ಕೊಟ್ಟ ತೆಲುಗು ಹೆಸರೂ ‘ಚಿನ್ನ ಪುಲಿ’. ಅಲ್ಲೂ ಅದೇ ಅರ್ಥ.

ಪದದ ಕೊನೆಯೂ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ತಮಿಳಿನಲ್ಲಿ ‘ಐ’ ಎಂದು ಮುಗಿಯುವ ಪದ ತೆಲುಗಿನಲ್ಲಿ ‘ಅ’ ಎಂದೂ ಕನ್ನಡದಲ್ಲಿ ‘ಎ’ ಎಂದೂ ಮುಗಿಯುತ್ತದೆ: ‘ತಲೈ’, ‘ತಲ’, ‘ತಲೆ’. ಹಾಗೆಯೇ ‘ಸಿರುತ್ತೈ’, ‘ಚಿರುತ’, ‘ಚಿರತೆ’. ಆದರೆ ಮೊದಲ ಅಕ್ಷರ ಕೂರುವುದಿಲ್ಲ. ಕನ್ನಡದ್ದೇ ಪದವಾಗಿದ್ದರೆ ‘ಕಿರು’ವಿನಿಂದ ‘ಕಿ’ ಎಂದು ಶುರುವಾಗಬೇಕಿತ್ತು. ‘ಚಿ’ ಇರುವುದರಿಂದ ಇದು ಪೂರ್ವದ ಅಥವಾ ದಕ್ಷಿಣದ ನೆರೆಯವರ ಬಾಯಿಂದ ನಮಗೆ ಬಂದಿರಬೇಕು. ಬಾಲ ಕನ್ನಡದ್ದು, ತಲೆ ನೆರೆಯವರದ್ದು.

ಇನ್ನೂ ಒಂದು ಸಣ್ಣ ಸುಳಿವು ಬರವಣಿಗೆಯಲ್ಲಿದೆ. ಹಳಗನ್ನಡದಲ್ಲಿ ಎರಡು ಬಗೆಯ ರ ಇದ್ದವು, ಸಾದಾ ರ ಮತ್ತು ಶಕಟರೇಫ ಎನ್ನುವ ಱ. ‘ಕಿಱು’ ಎಂಬುದನ್ನು ಈ ಎರಡನೆಯದರಲ್ಲೇ ಬರೆಯುತ್ತಿದ್ದರು. ನಾವು ಆ ಅಕ್ಷರವನ್ನು ಕೈಬಿಟ್ಟೆವು, ತಮಿಳರು ಬಿಡಲಿಲ್ಲ. ತಮಿಳಿನ ‘ಸಿಱುತ್ತೈ’ಯಲ್ಲಿ ಇಂದಿಗೂ ಇರುವುದು ಆ ಗಡಸು ಱ, ತೆಲುಗಿನ ಹಳೆಯ ಕಾಗುಣಿತದಲ್ಲೂ ‘ಚಿಱುತ’ ಎಂದೇ ಇದೆ. ‘ಚಿರತೆ ಚಿರಕಾಲ ಬದುಕುತ್ತದೆ, ಅದಕ್ಕೇ ಆ ಹೆಸರು’ ಎಂಬ ವಿವರಣೆ ಇಲ್ಲಿಗೇ ಬಿದ್ದುಹೋಗುತ್ತದೆ, ಏಕೆಂದರೆ ಸಂಸ್ಕೃತದ ‘ಚಿರ’ದಲ್ಲಿರುವುದು ಸಾದಾ ರ. ‘ಚಿತ್ರ’ದಿಂದ ಬಂತು ಎನ್ನುವವರು ‘ತ್ರ’ ಮಗುಚಿಕೊಂಡು ‘ರತ’ ಆಯಿತು ಎಂದು ಒಪ್ಪಿಸಬೇಕು. ಒಪ್ಪಿಸಿದರೂ ತಮಿಳಿನ ಱ ಎಲ್ಲಿಂದ ಬಂತು ಅಂತ ಹೇಳಲಾಗದು. ‘ಚೀರು’ವುದರಿಂದ ಚಿರತೆ ಎಂಬುದೂ ಕಿವಿಗೆ ಚೆಂದ ಅಷ್ಟೇ. ಚಿರತೆ ಚೀರುವ ಪ್ರಾಣಿಯಲ್ಲ. ಅದರ ಕರೆ ಗರಗಸದಲ್ಲಿ ದಪ್ಪ ಮರ ಕೊಯ್ದ ಹಾಗೆ ತಡೆತಡೆದು, ಒರಟಾಗಿ ಬರುತ್ತದೆ.

‘ಚಿಕ್ಕ’ ಎಂಬ ಗುಣವಾಚಕವೇ ಪ್ರಾಣಿಯ ಹೆಸರಾಗಿ ನಿಂತದ್ದು ಹೇಗೆ? ಇದಕ್ಕೆ ಶ್ರೀನಿವಾಸಪುರದ ಮಾವಿನ ಮಂಡಿಗಿಂತ ಒಳ್ಳೆಯ ಉದಾಹರಣೆ ಸಿಗದು. ಅಲ್ಲಿ ಯಾರೂ ‘ತೋತಾಪುರಿ ಮಾವು’, ‘ಬಾದಾಮಿ ಮಾವು’ ಅನ್ನುವುದಿಲ್ಲ. ತೋತಾಪುರಿ ಎಷ್ಟು, ಬಾದಾಮಿ ಎಷ್ಟು, ಮುಗಿಯಿತು. ಮಾವು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅದು ಉದುರಿಹೋಗಿ ವಿಶೇಷಣವೇ ಹೆಸರಾಯಿತು. ಅದೇ ‘ಬಾದಾಮಿ’ಯನ್ನು ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಬೇರೆಯದೇ ಸಿಗುತ್ತದೆ. ‘ಚಿರುತಪುಲಿ’ಯ ‘ಪುಲಿ’ ಉದುರಿದ್ದೂ ಹೀಗೆಯೇ.

ಚಿಕ್ಕದು ಅಂದರೆ ಯಾವುದಕ್ಕಿಂತ ಚಿಕ್ಕದು? ಹುಲಿಗಿಂತ. ಗಂಡು ಹುಲಿ 200 ಕಿಲೋ ಆಸುಪಾಸು ತೂಗುತ್ತದೆ, ಗಂಡು ಚಿರತೆ ಸಾಮಾನ್ಯವಾಗಿ 50ರಿಂದ 70 ಕಿಲೋ, ಹೆಣ್ಣು ಅದಕ್ಕೂ ಕಡಿಮೆ. ಕನ್ನಡದಲ್ಲಿ ಇದರ ಇನ್ನೊಂದು ತುದಿಯೂ ಉಳಿದಿದೆ. ‘ಪೆರ್’ (ಹಿರಿದು) ಮತ್ತು ‘ಪುಲಿ’ ಸೇರಿ ‘ಪೆರ್ಬುಲಿ’, ಹಳಗನ್ನಡದ ‘ಪ’ ಮುಂದೆ ‘ಹ’ ಆದಾಗ ‘ಹೆಬ್ಬುಲಿ’. ಹಿರಿದು ಹೆಬ್ಬುಲಿ, ಕಿರಿದು ಚಿರತೆ, ನಡುವೆ ಬರೀ ‘ಹುಲಿ’ ಎಂಬುದು ಎರಡಕ್ಕೂ ಸಲ್ಲುವ ಹೆಸರು. ಆ ಹಟ್ಟಿಯ ಮುದುಕ ಆಡಿದ್ದು ತಪ್ಪಲ್ಲ, ಹಳೆಯ ರೂಢಿ. ಹುಲಿಯೂರುದುರ್ಗ, ಹುಲಿಯಾರು ಎಂಬ ಹೆಸರು ಕಂಡ ಕೂಡಲೇ ಅಲ್ಲಿ ಪಟ್ಟೆ ಹುಲಿ ಇತ್ತು ಎಂದು ಷರಾ ಬರೆಯುವವರು ಇದನ್ನು ನೆನಪಿಡಬೇಕು.

ಸಂಸ್ಕೃತದವರೂ ಇಂಥ ವಿಂಗಡಣೆಯಲ್ಲಿ ಬಿಗಿಯಾಗಿರಲಿಲ್ಲ. ಚಿರತೆಗೆ ಅಲ್ಲಿ ‘ದ್ವೀಪಿ’ ಎಂಬ ಸೊಗಸಾದ ಹೆಸರಿದೆ: ಹಳದಿ ಮೈಯ ಮೇಲೆ ದ್ವೀಪಗಳಂತೆ ಚದುರಿದ ಮಚ್ಚೆಗಳುಳ್ಳದ್ದು. ಆದರೆ ಅಮರಕೋಶ ‘ಶಾರ್ದೂಲದ್ವೀಪಿನೌ ವ್ಯಾಘ್ರೇ’ ಎಂದು ಶಾರ್ದೂಲ, ದ್ವೀಪಿ, ವ್ಯಾಘ್ರ ಮೂರನ್ನೂ ಒಂದೇ ಬುಟ್ಟಿಗೆ ಹಾಕಿಬಿಡುತ್ತದೆ.

ಈಗ ಚೀತಾ. ಸಂಸ್ಕೃತದ ‘ಚಿತ್ರಕ’ (ಬಣ್ಣಬಣ್ಣದ, ಚುಕ್ಕೆಯುಳ್ಳ) ಪ್ರಾಕೃತದಲ್ಲಿ ಸವೆದು ‘ತ್ರ’ ಹೋಗಿ ‘ತ್ತ’ ಆಯಿತು, ಹಿಂದಿಗೆ ಬರುವಾಗ ಒಂದು ‘ತ’ ಉದುರಿ ಹಿಂದಿನ ಸ್ವರ ಉದ್ದವಾಯಿತು. ‘ಸಪ್ತ’ ‘ಸತ್ತ’ ಆಗಿ ‘ಸಾತ್’ ಆದ ದಾರಿಯೇ ಇದು, ‘ಪುತ್ರ’ ‘ಪುತ್ತ’ ಆಗಿ ‘ಪೂತ್’ ಆದದ್ದೂ ಹೀಗೆಯೇ. ಚುಕ್ಕೆ ಜಿಂಕೆಗೆ ಹಿಂದಿಯವರು ಹೇಳುವ ‘ಚೀತಲ್’ ಕೂಡ ಇದೇ ‘ಚಿತ್ರ’ದ ಮನೆಯದು. ಹಾಗಾಗಿ ಚೀತಾ ಎಂದರೆ ಚುಕ್ಕೆಯದು, ಚಿರತೆ ಎಂದರೆ ಚಿಕ್ಕದು. ಉಚ್ಚಾರ ಒಂದೇ ಥರ ಕೇಳಿಸುವುದು ಕಾಕತಾಳೀಯ. ಚುಕ್ಕೆ ಎರಡಕ್ಕೂ ಇರುವುದರಿಂದ ಹಿಂದಿ, ಉರ್ದು ಆಡುಮಾತಿನಲ್ಲಿ ಚಿರತೆಯನ್ನೂ ಚೀತಾ ಎಂದೇ ಕರೆದರು. ಜೆರ್ಡನ್ ಕೂಡ ಚಿರತೆಯ ಹಿಂದಿ ಹೆಸರುಗಳಲ್ಲಿ ‘ಚೀತಾ’ವನ್ನು ಸೇರಿಸಿದ್ದಾನೆ. ಚಿಂತಾಮಣಿಯ ಉರ್ದು ಮನೆಯವರು ಚೀತಾ ಅಂದರೆ ಅವರನ್ನು ತಿದ್ದಲು ಹೋಗಬೇಕಿಲ್ಲ.

ತಿದ್ದಬೇಕಾದದ್ದು ಬರವಣಿಗೆಯನ್ನು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ 8 ಚೀತಾಗಳು ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ಬಂದಾಗ ಕನ್ನಡದಲ್ಲಿ ಕೆಲವರು ‘ಚೀತಾ’ ಎಂದೂ ಕೆಲವರು ‘ಚಿರತೆ’ ಎಂದೂ ಬರೆದರು. ದೇವರಾಯನದುರ್ಗದ ತಪ್ಪಲಲ್ಲಿ ನಾಯಿ ಕಟ್ಟಲು ಹೆದರುವ ಓದುಗನಿಗೆ, ಇಲ್ಲಿರುವ ಚಿರತೆ ಸಾಲದೆಂದು ಆಫ್ರಿಕಾದಿಂದಲೂ ತರಿಸಿದರೇ ಎನ್ನಿಸಿದರೆ ಆಶ್ಚರ್ಯವಿಲ್ಲ.

ನಿಜ ಹೇಳಬೇಕೆಂದರೆ ಚೀತಾಕ್ಕೆ ಕನ್ನಡದಲ್ಲಿ ಹೆಸರೇ ಇಲ್ಲದಿರಲಿಲ್ಲ. ‘ಸಿವಂಗಿ’ ಎಂಬುದೇ ಅದು. ಜೆರ್ಡನ್ ಚೀತಾದ ಕನ್ನಡ ಹೆಸರುಗಳೆಂದು ‘ಚಿರ್ಚ’ ಮತ್ತು ‘ಸಿವುಂಗಿ’ ಎರಡನ್ನು ಕೊಡುತ್ತಾನೆ. ತಮಿಳಿನಲ್ಲಿ ಇಂದಿಗೂ ಚೀತಾಕ್ಕೆ ‘ಸಿವಿಂಗಿಪ್ಪುಲಿ’ ಎನ್ನುತ್ತಾರೆ. ಈ ಪ್ರಾಣಿಯನ್ನು ಪಳಗಿಸಿ ಜಿಂಕೆ ಬೇಟೆಗೆ ಬಿಡುತ್ತಿದ್ದರು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಇಂಥ ಬೇಟೆಯ ವರ್ಣನೆಯಿದೆ. ಟಿಪ್ಪು ಸುಲ್ತಾನನ ಬಳಿಯೂ ಬೇಟೆ ಸಿವಂಗಿಗಳಿದ್ದವು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಿನಲ್ಲಿ ಇಂದು ಕೃಷ್ಣಮೃಗಗಳು ಓಡುವುದನ್ನು ನೋಡಿದವರಿಗೆ ಸಿವಂಗಿಗೆ ಎಂಥ ನೆಲ ಬೇಕು ಎಂಬುದು ಗೊತ್ತಾಗುತ್ತದೆ: ಮರೆಯಿಲ್ಲದ ಹುಲ್ಲುಬಯಲು. ಚಿರತೆಗೆ ಬೇಕಾದದ್ದು ಇದಕ್ಕೆ ತೀರಾ ತದ್ವಿರುದ್ಧ, ಬಂಡೆಯ ಸಂದು, ಪೊದೆ, ಗುಹೆ. 1947ರಲ್ಲಿ ಈಗಿನ ಛತ್ತೀಸಗಢದ ಕೋರಿಯಾದಲ್ಲಿ ಮೂರು ಚೀತಾಗಳನ್ನು ಕೊಂದ ಮೇಲೆ ದೇಶದಲ್ಲಿ ಅವು ಇಲ್ಲವೆನಿಸಿ, 1952ರಲ್ಲಿ ಅಳಿದವು ಎಂದು ಘೋಷಣೆಯಾಯಿತು. ಪ್ರಾಣಿ ಹೋದ ಮೇಲೆ ಹೆಸರಿಗೆ ಯಜಮಾನನಿಲ್ಲದಂತಾಯಿತು. ತೆಲುಗಿನಲ್ಲಿ ‘ಶಿವಂಗಿ’ ಅಂದರೆ ಈಗ ಹೆಚ್ಚಿನವರ ತಲೆಗೆ ಬರುವುದು ಹೆಣ್ಣು ಸಿಂಹ, ಜೋರು ಬಾಯಿಯ ಗಟ್ಟಿಗಿತ್ತಿಯನ್ನೂ ಹಾಗೆ ಕರೆಯುತ್ತಾರೆ. ಕನ್ನಡದಲ್ಲಿ ಅದನ್ನು ‘ಶಿವಂಗಿ’ ಎಂದು ತಿದ್ದಿ, ಶಿವನ ಅಂಗಿ ಎಂದರೆ ಹುಲಿಚರ್ಮ ಎಂದು ಬಿಡಿಸುವವರಿದ್ದಾರೆ. ಸಿವಿಂಗಿ, ಸಿವುಂಗಿ ಎಂಬ ರೂಪಗಳಲ್ಲಿ ಶಿವನೂ ಇಲ್ಲ, ಅಂಗಿಯೂ ಇಲ್ಲ.

ಚೀತಾಕ್ಕೆ ‘ಚಿರ್ಚ’ ಎಂಬ ಹೆಸರು 1867ರಲ್ಲೇ ದಾಖಲಾಗಿರುವುದನ್ನು ಗಮನಿಸಿ. ಚಿರತೆಯ ಹೋಲಿಕೆಯ ಹೆಸರು ಚೀತಾಕ್ಕೆ ಅಂಟಿಕೊಳ್ಳುವುದು ಇಂದಿನ ಪತ್ರಕರ್ತರು ಶುರುಮಾಡಿದ ಕೆಲಸವಲ್ಲ. ನನ್ನ ಮಟ್ಟಿಗೆ ಬರೆಯುವಾಗ ‘ಚೀತಾ’ ಅಥವಾ ‘ಸಿವಂಗಿ’ ಎರಡರಲ್ಲಿ ಯಾವುದಾದರೂ ಸರಿ, ‘ಚಿರತೆ’ಯನ್ನು ಮಾತ್ರ ಅದಕ್ಕೆ ಕೊಡಬಾರದು.

ಇಂಗ್ಲಿಷಿನ ಕಥೆ ಇನ್ನೂ ಕೆಟ್ಟದು. ‘ಲೆಪರ್ಡ್’ ಎಂಬುದು ‘ಲಿಯೋ’ (ಸಿಂಹ) ಮತ್ತು ‘ಪಾರ್ಡಸ್’ ಎಂಬ ಎರಡರ ಜೋಡಣೆ. ಸಿಂಹಕ್ಕೂ ‘ಪಾರ್ಡ್’ ಎಂಬ ಮಚ್ಚೆಯ ಪ್ರಾಣಿಗೂ ಹುಟ್ಟಿದ ಬೆರಕೆ ಎಂದು ಹಿಂದಿನ ರೋಮನ್ನರು ನಂಬಿದ್ದರು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕೊಟ್ಟ ‘ಪಾರ್ಡಸ್’ ಎಂಬ ಜಾತಿನಾಮ ಈಗಲೂ ಉಳಿದಿದೆ. ಈ ‘ಪಾರ್ಡಸ್’ಗೂ ಸಂಸ್ಕೃತದ ‘ಪೃದಾಕು’ಗೂ ವಿದ್ವಾಂಸರು ನಂಟು ಹೇಳುತ್ತಾರೆ. ಪೃದಾಕು ಎಂದರೆ ಮೊದಲ ಅರ್ಥ ಹಾವು. ಮಚ್ಚೆಯ ಮಂಡಲದ ಹಾವನ್ನು ನೆನೆದರೆ ಆ ನಂಟು ಅಷ್ಟೇನೂ ದೂರದ್ದಲ್ಲ. ಬ್ರಿಟಿಷ್ ಬೇಟೆಗಾರರು ದೊಡ್ಡ ಚಿರತೆಯನ್ನು ‘ಪ್ಯಾಂಥರ್’ ಎಂದೂ ಸಣ್ಣದನ್ನು ‘ಲೆಪರ್ಡ್’ ಎಂದೂ ಕರೆದು, ಎರಡು ಜಾತಿಯೋ ಒಂದೋ ಎಂದು ವರ್ಷಗಟ್ಟಲೆ ಜಗಳವಾಡಿದರು. ಒಂದೇ ಜಾತಿ. ಅವರು ‘ಹಂಟಿಂಗ್ ಲೆಪರ್ಡ್’ ಎಂದು ಬರೆದಿದ್ದರೆ ಅದು ಚೀತಾ. ಹಳೆಯ ಗೆಜೆಟಿಯರ್‌ಗಳನ್ನು ಕನ್ನಡಕ್ಕೆ ತರುವಾಗ ಇದನ್ನು ‘ಬೇಟೆಯಾಡುವ ಚಿರತೆ’ ಎಂದು ಮಾಡಿದರೆ ಸಿವಂಗಿ ಮತ್ತೊಮ್ಮೆ ಕಳೆದುಹೋಗುತ್ತದೆ. ‘ಬ್ಲ್ಯಾಕ್ ಪ್ಯಾಂಥರ್’ ಕೂಡ ಬೇರೆ ಜಾತಿಯಲ್ಲ, ತಂದೆತಾಯಿ ಇಬ್ಬರಿಂದಲೂ ಕಪ್ಪಿನ ಗುಣ ಬಂದ ಚಿರತೆ. ಬಿಸಿಲಿಗೆ ನಿಂತರೆ ಅದರ ಕಪ್ಪು ಮೈಯಲ್ಲೂ ಮಚ್ಚೆ ಕಾಣುತ್ತದೆ.

ಅನುವಾದದ ಮಾತು ಬಂದದ್ದರಿಂದ ಮಲಯಾಳದ ಒಂದು ಗುಂಡಿಯನ್ನೂ ತೋರಿಸಬೇಕು. ಕೇರಳದ ಸುದ್ದಿಯಲ್ಲಿ ‘ಪುಲಿ’ ಬಂತು ಎಂದಿದ್ದರೆ ಬಂದದ್ದು ಹುಲಿಯಲ್ಲ, ಚಿರತೆ. ಅದರ ಪೂರ್ತಿ ಹೆಸರು ‘ಪುಳ್ಳಿಪ್ಪುಲಿ’, ಚುಕ್ಕೆಯ ಹುಲಿ. ಪಟ್ಟೆಯ ಹುಲಿಗೆ ಅಲ್ಲಿ ‘ಕಡುವ’ ಎನ್ನುತ್ತಾರೆ. ನಮ್ಮಲ್ಲಿ ‘ಹುಲಿ’ ಆದ ಅದೇ ಪದ ಅಲ್ಲಿ ಬೇರೆ ಪ್ರಾಣಿಯ ಮೇಲೆ ಕೂತಿದೆ. ‘ಬೆಕ್ಕು’ ಎಂಬ ಪದಕ್ಕೂ ಇದೇ ಆಗಿದೆ. ಹಳಗನ್ನಡದಲ್ಲಿ ಅದು ‘ಬೆರ್ಕು’. ‘ಎರ್ದೆ’ ಸವೆದು ‘ಎದೆ’ ಆದಂತೆ ಇಲ್ಲೂ ಅರ್ಕಾವತ್ತು ಜಾರಿ ‘ಬೆಕ್ಕು’ ಆಯಿತು. ಮಲಯಾಳದಲ್ಲಿ ಅದರ ಜೋಡಿ ‘ವೆರುಗ್’ ಎಂದರೆ ಪುನುಗು. ಪುನುಗನ್ನು ನಾವೂ ‘ಪುನುಗು ಬೆಕ್ಕು’ ಎನ್ನುತ್ತೇವೆ, ಅದು ಬೆಕ್ಕಿನ ಕುಟುಂಬದ್ದೇ ಅಲ್ಲ. ಕತ್ತೆಕಿರುಬವೂ ಅಷ್ಟೆ, ಬೆಕ್ಕೂ ಅಲ್ಲ, ನಾಯಿಯೂ ಅಲ್ಲ, ತನ್ನದೇ ಕುಟುಂಬದ್ದು.

ಇಷ್ಟು ಕಲಬೆರಕೆ ಇರುವಾಗ ‘ಏನು ಬಂದಿತ್ತು?’ ಎಂಬ ಪ್ರಶ್ನೆಗೆ ಬರುವ ಹೆಸರನ್ನು ನೇರವಾಗಿ ಬರೆದುಕೊಳ್ಳುವುದು ಅಪಾಯ. ಕುರಿ ಸತ್ತಿದ್ದರೆ ಪರಿಹಾರದ ಅರ್ಜಿಯಲ್ಲಿ ಯಾವ ಪ್ರಾಣಿ ಎಂಬುದು ಮುಖ್ಯವಾಗುತ್ತದೆ. ನಾಯಿ ಕಚ್ಚಿ ಸತ್ತದ್ದನ್ನು ಚಿರತೆ ಎಂದು ಬರೆಸಿದರೂ, ಚಿರತೆ ಹಿಡಿದದ್ದನ್ನು ಬರೀ ‘ಕಾಡುಪ್ರಾಣಿ’ ಎಂದು ಬರೆಸಿದರೂ ಆಮೇಲೆ ಅಲೆದಾಟ. ಹಾಗಾಗಿ ಹೆಸರನ್ನು ಬದಿಗಿಟ್ಟು ಗುರುತು ಕೇಳಬೇಕು.

ಮೈಮೇಲಿನ ಗುರುತು ಮೊದಲು. ಚಿರತೆಯ ಮಚ್ಚೆ ತುಂಬಿದ ಚುಕ್ಕೆಯಲ್ಲ. ಐದಾರು ಕಪ್ಪು ತುಣುಕುಗಳು ಉಂಗುರದಂತೆ ಕೂಡಿ ನಡುವೆ ಕಂದು ಬಣ್ಣ ಬಿಟ್ಟಿರುತ್ತವೆ. ಕಾಲು, ಮುಖದ ಮೇಲೆ ಮಾತ್ರ ತುಂಬಿದ ಚುಕ್ಕೆ. ಚೀತಾದ ಚುಕ್ಕೆ ಮೈತುಂಬ ಶಾಯಿಯ ಬೊಟ್ಟಿಟ್ಟಂತೆ ತುಂಬಿದ್ದು, ಕಣ್ಣಿನಿಂದ ಬಾಯಿಯವರೆಗೆ ಕಪ್ಪು ಗೆರೆ ಕಣ್ಣೀರು ಹರಿದಂತೆ ಇಳಿದಿರುತ್ತದೆ. ವಾಟ್ಸಾಪಿನಲ್ಲಿ ‘ನಂದಿಬೆಟ್ಟದಲ್ಲಿ ಚಿರತೆ’ ಎಂದು ಬರುವ ಫೋಟೊದಲ್ಲಿ ಆ ಕಣ್ಣೀರ ಗೆರೆ ಕಂಡರೆ ಅದು ನಂದಿಬೆಟ್ಟದ ಫೋಟೊ ಅಲ್ಲ.

ಪ್ರಾಣಿ ಕಾಣದೆ ಹೆಜ್ಜೆ ಮಾತ್ರ ಉಳಿದಿದ್ದರೆ ಉಗುರು ನೋಡಿ. ನಾಯಿ, ತೋಳ, ಕತ್ತೆಕಿರುಬಗಳ ಹೆಜ್ಜೆಯಲ್ಲಿ ಬೆರಳ ಮುಂದೆ ಉಗುರಿನ ಗುರುತು ಮೂಡುತ್ತದೆ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಅದು ಮೂಡುವುದಿಲ್ಲ. ಅಂಗಾಲಿನ ಹಿಂಬದಿಯಲ್ಲಿ ಮೂರು ಉಬ್ಬು ಕಾಣುತ್ತವೆ. ಅಗಲ ಸುಮಾರು 7ರಿಂದ 9 ಸೆಂಟಿಮೀಟರ್. ಐದು ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕಾಡುಬೆಕ್ಕಿರಬಹುದು. ಮೋಸವಾಗುವುದು ಕೆಸರಿನಲ್ಲಿ: ಹದವಾದ ಕೆಸರಲ್ಲಿ ಹೆಜ್ಜೆ ಹರಡಿ ಎರಡು ಬೆರಳಿನಷ್ಟು ದೊಡ್ಡದಾಗಿ ಕಂಡು ಚಿರತೆ ಹುಲಿಯಾಗುತ್ತದೆ. ಆದ್ದರಿಂದ ತೆಳು ಧೂಳು ಕೂತ ಗಟ್ಟಿ ದಾರಿಯ ಹೆಜ್ಜೆಯನ್ನೇ ಹುಡುಕಿ, ಪಕ್ಕದಲ್ಲಿ ಬೆಂಕಿಪೊಟ್ಟಣವಿಟ್ಟು ನೇರ ಮೇಲಿನಿಂದ ಫೋಟೊ ತೆಗೆಯಬೇಕು. ಓರೆಯಾಗಿ ತೆಗೆದರೆ ಅಳತೆ ಸಿಗದು. ಜನ ತುಳಿಯುವ ಮುಂಚೆ ಒಂದು ಬುಟ್ಟಿ ಕವುಚಿಟ್ಟರೆ ಅರಣ್ಯದವರು ಬರುವವರೆಗೆ ಉಳಿಯುತ್ತದೆ. ಸತ್ತ ಕುರಿಯ ಗಂಟಲಲ್ಲಿ ಆಳವಾದ ಹಲ್ಲಿನ ತೂತುಗಳಿದ್ದರೆ ಚಿರತೆಯ ಕಡೆ ಅನುಮಾನ. ತೊಡೆ, ಹೊಟ್ಟೆ ಎಲ್ಲೆಂದರಲ್ಲಿ ಹರಿದಿದ್ದರೆ, ನಾಲ್ಕೈದು ಕುರಿಗೆ ಹೀಗೇ ಆಗಿದ್ದರೆ ಸಾಮಾನ್ಯವಾಗಿ ನಾಯಿ.

ಹೆಸರಿನಿಂದ ಅತಿ ಹೆಚ್ಚು ತೊಂದರೆಯಾಗುವುದು ಮರಿಗಳ ವಿಷಯದಲ್ಲಿ. ಕಬ್ಬು ಕಡಿಯುವಾಗಲೋ ಹುಲ್ಲಿನ ಮೆದೆ ಎಳೆಯುವಾಗಲೋ ಮಚ್ಚೆಯ ಮರಿ ಸಿಕ್ಕರೆ ‘ಚಿರತೆ ಮರಿ’ ಎಂದು ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಅದು ಕಾಡುಬೆಕ್ಕಿನ ಮರಿಯಾಗಿರಬಹುದು. ಮರಿಯಲ್ಲಿ ಅದಕ್ಕೂ ಪಟ್ಟೆ ಇರುತ್ತದೆ, ಬೆಳೆದ ಮೇಲೆ ಮಾಸುತ್ತದೆ. ತುಕ್ಕು ಬಣ್ಣದ ಚುಕ್ಕೆಗಳ ಪುಟಾಣಿ ಕಾಡುಬೆಕ್ಕೂ ಆಗಿರಬಹುದು. ಪ್ರಪಂಚದ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲಿ ಒಂದಾದ ಅದು ಪೂರ್ತಿ ಬೆಳೆದರೂ ಒಂದೂವರೆ ಕಿಲೋ ಆಸುಪಾಸು, ಹಣೆಯ ಮೇಲೆ ಉದ್ದುದ್ದ ಗೆರೆ ಇರುತ್ತದೆ. ನಿಜವಾದ ಚಿರತೆ ಮರಿಯ ಪಂಜ ದೇಹಕ್ಕೆ ಹೋಲಿಸಿದರೆ ತೀರಾ ದಪ್ಪ, ಬಾಲ ಬುಡದಿಂದಲೇ ದಪ್ಪ, ಮಚ್ಚೆ ಒತ್ತೊತ್ತಾಗಿ ಮಸಿ ಮೆತ್ತಿದಂತಿರುತ್ತದೆ. ಮೂರರಲ್ಲಿ ಯಾವುದಾದರೂ ಮಾಡಬೇಕಾದದ್ದು ಒಂದೇ: ಮುಟ್ಟದೆ ಆ ಸಾಲಿನ ಕಟಾವು ನಿಲ್ಲಿಸಿ ಜನ ದೂರ ಸರಿಯುವುದು, ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡುವುದು. ತಾಯಿ ಕತ್ತಲಾದ ಮೇಲೆ ಬಂದು ಒಂದೊಂದೇ ಮರಿಯನ್ನು ಕತ್ತು ಕಚ್ಚಿ ಒಯ್ಯುತ್ತದೆ. ಫೋನಿನಲ್ಲಿ ಹೆಸರು ಹೇಳಲು ತಡಕಾಡುವ ಬದಲು ಮಚ್ಚೆ ಉಂಗುರವೋ ಬೊಟ್ಟೋ, ಬಾಲ ಎಷ್ಟು ಉದ್ದ, ಎತ್ತರ ಮೊಣಕಾಲಿನವರೆಗೋ ತೊಡೆಯವರೆಗೋ ಎಂಬುದನ್ನು ಹೇಳಿದರೆ ಆ ಕಡೆಯವರು ಬೋನು ತರಬೇಕೋ ಬರೀ ಬುಟ್ಟಿ ತರಬೇಕೋ ಎಂದು ಅಲ್ಲೇ ತೀರ್ಮಾನಿಸುತ್ತಾರೆ.